ಚಲಚ್ಛಿರೋದೀಪ ಮೀಮಾಂಸೆ

(ಗಣೇಶೋತ್ಸವದ ಆರ್ಕೆಸ್ಟ್ರಾ ವೇದಿಕೆಯನ್ನು ಕ್ಷೇತ್ರವಾಗಿ ಉಳ್ಳ ಸಂಶೋಧನ ಪ್ರಬಂಧ)

ಪೀಠಿಕೆ

ದೀಪಗಳು ಎರಡು ಬಗೆ: ಇದ್ದಲ್ಲೇ ಉರಿಯುವ ಸ್ಥಾವರ, ಕತ್ತು ತಿರುಗಿಸುತ್ತ ಉರಿಯುವ ಜಂಗಮ. ಎರಡನೆಯದನ್ನು ಗ್ರಂಥಗಳು ಮೂವಿಂಗ್ ಹೆಡ್ ಎನ್ನುತ್ತವೆ. ಲೈಟಿಂಗ್ ಹುಡುಗರು, ಯಾವ ಕಂಪನಿಯದಾದರೂ ಸರಿ, ಶಾರ್ಪಿ ಎನ್ನುತ್ತಾರೆ. ಈ ಕುಲದ ಮೂಲಪುರುಷ ವ್ಯಾರಿ-ಲೈಟ್. 1981ರಲ್ಲಿ ಬಾರ್ಸಿಲೋನಾದ ಗೂಳಿಕಾಳಗದ ಅಂಗಳದಲ್ಲಿ, ಜೆನೆಸಿಸ್ ಬ್ಯಾಂಡಿನ ಕಾರ್ಯಕ್ರಮದಲ್ಲಿ ಅವತರಿಸಿತು. ಕನ್ಸೋಲು ದೀಪಕ್ಕೆ ಆಜ್ಞೆ ಮಾಡುವ ವಿಧಿ 1986ರಲ್ಲಿ ಡಿಎಂಎಕ್ಸ್-512 ಎಂಬ ಹೆಸರಿನಿಂದ ಅಮೆರಿಕದಲ್ಲಿ ಪ್ರಮಾಣವಾಯಿತು. ಆ ವಿಧಿಗೆ ಪ್ರಸ್ತುತ ಪ್ರಬಂಧಕಾರನು ಸೂತ್ರಗಳನ್ನು ರಚಿಸಿ, ಬೇರೆ ಯಾರೂ ಮುಂದೆ ಬಾರದ ಕಾರಣ ಭಾಷ್ಯವನ್ನೂ ತಾನೇ ಬರೆದಿದ್ದಾನೆ.

1. ವಿಳಾಸ ಪ್ರಕರಣ

ಸೂತ್ರ: ಅಡ್ರೆಸ್ ಇಲ್ಲದವನಿಗೆ ಆಜ್ಞೆ ಇಲ್ಲ.

ಭಾಷ್ಯ: ಒಂದು ಕೇಬಲಿನಲ್ಲಿ 512 ಚಾನೆಲ್ (ಇಷ್ಟೂ ಕೂಡಿ ಒಂದು ಯೂನಿವರ್ಸ್), ಒಂದೊಂದಕ್ಕೂ 0ಯಿಂದ 255ರವರೆಗೆ ಬೆಲೆ. ಬಣ್ಣಕ್ಕೊಂದು, ಬೆಳಕಿಗೆ ಚಿತ್ತಾರ ಕೊಡುವ ಗೋಬೋಗೊಂದು, ಪ್ರಿಸಂಗೊಂದು ಎಂದು ಒಂದು ಶಾರ್ಪಿಯೇ 16 ಚಾನೆಲ್ ನುಂಗುತ್ತದೆ. ಆದ್ದರಿಂದ ಮೊದಲನೆಯದರ ಅಡ್ರೆಸ್, ಅಂದರೆ ಅದರ ಮೊದಲ ಚಾನೆಲ್, 1, ಎರಡನೆಯದರದು 17, ಮೂರನೆಯದರದು 33. 32 ದೀಪ ಟ್ರಸ್ಸಿಗೆ ಏರುವಷ್ಟರಲ್ಲಿ ಒಂದು ಯೂನಿವರ್ಸ್ ಖಾಲಿ. ಎರಡನೆಯದಕ್ಕೆ 17ರ ಬದಲು 10 ಎಂದು ಒತ್ತಿಬಿಟ್ಟರೆ, ಮೊದಲ ದೀಪದ ಪ್ರಿಸಂ ತಿರುಗಿಸಿದಾಗ ಎರಡನೆಯದು ಕತ್ತು ಹೊರಳಿಸೀತು. ಇದು ದೃಷ್ಟಿ ತಾಗಿದ್ದು ಎಂದು ಪೂರ್ವಪಕ್ಷಿಗಳು ನಿಂಬೆಹಣ್ಣು ಕಟ್ಟುತ್ತಾರೆ. ಸಿದ್ಧಾಂತಿಗಳು ಏಣಿ ಹತ್ತುತ್ತಾರೆ.

2. ಗ್ರೀವಾ ಪ್ರಕರಣ

ಸೂತ್ರ: ಸೂಕ್ಷ್ಮವಿಲ್ಲದೆ ಗಾಯಕನಿಲ್ಲ.

ಭಾಷ್ಯ: ಈ ದೀಪಗಳ ಕತ್ತು ಸಾಮಾನ್ಯವಾಗಿ ಅಡ್ಡಡ್ಡ 540 ಡಿಗ್ರಿ, ಅಂದರೆ ಒಂದೂವರೆ ಸುತ್ತು ತಿರುಗುತ್ತದೆ. ಅದಕ್ಕೆ ಪ್ಯಾನ್ ಎಂದು ಹೆಸರು. ಮೇಲೆ ಕೆಳಗೆ ತೂಗುವುದು ಟಿಲ್ಟ್. 540 ಡಿಗ್ರಿಯನ್ನು 256 ಮೆಟ್ಟಿಲಿಗೆ ಹಂಚಿದರೆ ಒಂದು ಮೆಟ್ಟಿಲಿಗೆ ಎರಡು ಡಿಗ್ರಿಗಿಂತ ತುಸು ಹೆಚ್ಚು. 20 ಮೀಟರ್ ದೂರಕ್ಕೆ ಅದು ಹತ್ತಿರ ಹತ್ತಿರ ಮುಕ್ಕಾಲು ಮೀಟರ್. ಗಾಯಕನಿಗೆ ಹಿಡಿದ ಬೆಳಕು ಕೀಬೋರ್ಡಿನವನ ಹೊಟ್ಟೆಯ ಮೇಲೆ ಬೀಳಲು ಅಷ್ಟು ಸಾಕು. ಅದಕ್ಕೇ ‘ಫೈನ್’ ಎಂಬ ಇನ್ನೊಂದು ಚಾನೆಲ್. ಎರಡೂ ಕೂಡಿದರೆ 65,536 ಮೆಟ್ಟಿಲು. ಅದೇ ದೂರದಲ್ಲಿ ಒಂದು ಮೆಟ್ಟಿಲಿಗೆ ಸುಮಾರು ಮೂರು ಮಿಲಿಮೀಟರ್. ಇಷ್ಟು ನಿಖರವಾಗಿ ಗುರಿಯಿಟ್ಟ ಜಾಗದಲ್ಲಿ ಗಾಯಕ ನಿಂತಿರುವುದಿಲ್ಲ. ‘ಎಲ್ರೂ ಕೈ ಮೇಲೆತ್ತಿ’ ಎನ್ನುತ್ತ ಜನರ ನಡುವೆ ಇಳಿದಿರುತ್ತಾನೆ.

3. ಮಾಯಾ ಪ್ರಕರಣ

ಸೂತ್ರ: ಬ್ಲ್ಯಾಕೌಟ್ ಮಿಥ್ಯೆ.

ಭಾಷ್ಯ: ಡಿಸ್‌ಚಾರ್ಜ್ ಬಲ್ಬಿನ ಶಾರ್ಪಿ ಕತ್ತಲಾದಾಗ ಆರಿರುವುದಿಲ್ಲ. ಒಳಗೆ ನಿಗಿನಿಗಿ ಉರಿಯುತ್ತಲೇ ಇದ್ದು, ಮುಂದೆ ಶಟರ್ ಎಳೆದುಕೊಂಡಿರುತ್ತದೆ. ನಿಜವಾಗಿ ಆರುವುದು ಜನರೇಟರ್ ಕೈಕೊಟ್ಟಾಗ. ಆಮೇಲೆ ಬಲ್ಬ್ ತಣಿಯುವ ತನಕ ಮತ್ತೆ ಹತ್ತುವುದಿಲ್ಲ. ಆ ಅವಧಿಯಲ್ಲಿ ದಾನಿಗಳ ಹೆಸರು ಓದತಕ್ಕದ್ದು. ಕರೆಂಟು ಬಂದೊಡನೆ ದೀಪಗಳೆಲ್ಲ ಒಟ್ಟಿಗೆ ಟರ್‌ರ್ ಎಂದು ಕತ್ತನ್ನು ಕೊನೆಯಿಂದ ಕೊನೆಗೆ ಹೊರಳಿಸಿ, ಬಣ್ಣದ ಚಕ್ರ ಕಟಕಟ ತಿರುಗಿಸಿ, ತಂತಮ್ಮ ಸ್ಥಾನ ಕಂಡುಕೊಳ್ಳುತ್ತವೆ. ಶಾಸ್ತ್ರದಲ್ಲಿ ಇದು ರೀಸೆಟ್. ಭಕ್ತರು ಇದಕ್ಕೆ ಕಾರ್ಯಕ್ರಮಕ್ಕಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ.

4. ಪ್ರಾಧಾನ್ಯ ಪ್ರಕರಣ

ಸೂತ್ರ: ಪ್ರಕಾಶದಲ್ಲಿ ಹೆಚ್ಚು ಹೇಳಿದವನದು, ಮಿಕ್ಕದ್ದರಲ್ಲಿ ಕಡೆಗೆ ಹೇಳಿದವನದು.

ಭಾಷ್ಯ: ಒಂದೇ ದೀಪಕ್ಕೆ ಎರಡು ಫೇಡರ್ ಎರಡು ಬಗೆಯ ಆಜ್ಞೆ ಕೊಟ್ಟರೆ ಯಾವುದು ಊರ್ಜಿತ? ಪ್ರಕಾಶದ ವಿಷಯದಲ್ಲಿ ದೊಡ್ಡ ಅಂಕಿ ಗೆಲ್ಲುತ್ತದೆ, ಇದು ಎಚ್‌ಟಿಪಿ. ಬಣ್ಣ, ಪ್ಯಾನ್, ಟಿಲ್ಟ್ ಮುಂತಾದವುಗಳಲ್ಲಿ ಕೊನೆಯ ಮಾತು ಗೆಲ್ಲುತ್ತದೆ, ಇದು ಎಲ್‌ಟಿಪಿ. ಉತ್ಸವ ಸಮಿತಿಗೂ ಈ ನ್ಯಾಯ ಅನ್ವಯಿಸುತ್ತದೆ. ಅಧ್ಯಕ್ಷರು ಬಂದು ‘ಕೆಂಪು ಹಾಕೋ’ ಎನ್ನುತ್ತಾರೆ. ಖಜಾಂಚಿ ಬಂದು ‘ನೀಲಿ ಹಾಕೋ’ ಎನ್ನುತ್ತಾರೆ. ಆಪರೇಟರ್ ನೀಲಿ ಹಾಕುತ್ತಾನೆ. ಖಜಾಂಚಿ ಕೊನೆಗೆ ಬಂದರೆಂಬುದು ಒಂದು ಕಾರಣ. ಬಾಕಿ ಹಣ ಅವರ ಕೈಯಲ್ಲಿದೆ ಎಂಬುದು ಭಾಷ್ಯಕಾರರು ಬಾಯಿಬಿಡದ ಇನ್ನೊಂದು ಕಾರಣ.

5. ಮೌನ ಪ್ರಕರಣ

ಸೂತ್ರ: ಆಜ್ಞೆಗೆ ಕಿವಿಯಿಲ್ಲ.

ಭಾಷ್ಯ: ಡಿಎಂಎಕ್ಸ್ ಒಮ್ಮುಖ. ಕನ್ಸೋಲು 512 ಚಾನೆಲನ್ನೂ ಸೆಕೆಂಡಿಗೆ ಸುಮಾರು 44 ಸಲ ಒಪ್ಪಿಸಬಲ್ಲದು, ‘ಕೇಳಿಸಿತೇ?’ ಎಂದು ಒಮ್ಮೆಯೂ ವಿಚಾರಿಸುವುದಿಲ್ಲ. ಆಜ್ಞೆ ದಾರಿಯಲ್ಲಿ ಕೆಟ್ಟರೆ ಕಂಡುಹಿಡಿಯುವ ಏರ್ಪಾಡಿಲ್ಲದ ಕಾರಣ ವೇದಿಕೆಯ ಪಟಾಕಿಯಂಥ ಅಪಾಯದ ಕೆಲಸಕ್ಕೆ ಇದು ನಿಷಿದ್ಧ. ಸಾಲಿನ ಕೊನೆಯ ದೀಪಕ್ಕೆ 120 ಓಮ್‌ನ ಟರ್ಮಿನೇಟರ್ ಸಿಕ್ಕಿಸದಿದ್ದರೆ ಆಜ್ಞೆ ತುದಿಗೆ ಬಡಿದು ಹಿಂದಿರುಗುತ್ತದೆ. ತನ್ನದೇ ಮಾತಿನ ಪ್ರತಿಧ್ವನಿಗೆ ಸಿಕ್ಕಿ ದೀಪಗಳು ಗಡಗಡ ನಡುಗುತ್ತವೆ. ಕೇಬಲ್ ಯಾರದೋ ಕಾಲಿಗೆ ಸಿಕ್ಕಿ ಕಳಚಿತೆನ್ನಿ: ಬಹಳಷ್ಟು ದೀಪಗಳು ಕೊನೆಗೆ ಕೇಳಿದ ಆಜ್ಞೆಯನ್ನೇ ಹಿಡಿದು ಹಾಗೇ ನಿಲ್ಲುತ್ತವೆ. ಪ್ರೇಕ್ಷಕರಿಗೆ ಅದು ಏಕಾಗ್ರತೆಯಾಗಿ ಕಾಣುತ್ತದೆ.

ಉಪಸಂಹಾರ

ಒಮ್ಮುಖ ಆಜ್ಞೆಯ ಈ ಅನ್ಯಾಯ ದೀಪಗಳ ಮಟ್ಟಿಗೆ 2006ರಲ್ಲಿ ಪರಿಹಾರವಾಯಿತು. ಆರ್‌ಡಿಎಂ ಎಂಬ ಪ್ರಮಾಣ ಬಂದು, ಅದೇ ಕೇಬಲಿನಲ್ಲಿ ದೀಪವೂ ತಿರುಗಿ ಮಾತನಾಡುವಂತಾಯಿತು: ನನ್ನ ಅಡ್ರೆಸ್ ಇಷ್ಟು, ಬಲ್ಬ್ ಉರಿದ ಗಂಟೆ ಇಷ್ಟು, ಮೈ ಬಿಸಿ ಇಷ್ಟು. ಆಪರೇಟರಿನಿಂದ ಸಮಿತಿಯ ಕಡೆಗೆ ಇಂಥ ಪ್ರಮಾಣ ಇನ್ನೂ ಹೊರಟಿಲ್ಲ. ಹೊರಡುವ ತನಕ ಅವನಿಗೆ ವಿಧಿಸಲಾದ ಏಕೈಕ ಉತ್ತರ ‘ಆಯ್ತಣ್ಣ’. ಅದನ್ನು ಹೇಳಿ, ಮೊದಲು ಮಾಡುತ್ತಿದ್ದುದನ್ನೇ ಮುಂದುವರಿಸತಕ್ಕದ್ದು.