ಅಂಬಾಸಿಡರ್ ಗುಜರಿಗಿ ಕೊಡಬ್ಯಾಡ್ರಿ, ಕಾಕಾರ

ಕಾಕಾರ, ನಿಮ್ಮ ಹಿತ್ತಲದಾಗ ನಿಂತ ಆ ಮಾರ್ಕ್ 3 ಅಂಬಾಸಿಡರ್ ನೋಡಾಕ ಗುಜರಿ ಅಂವ ಬಂದಿದ್ನಂತ? ಸ್ಟೇರಿಂಗ್ ಲೂಸ್ ಆಗೇತಿ, ಹುಬ್ಬಳ್ಳಿ ಮುಟ್ಟೂದ್ರೊಳಗ ಎಂಜಿನ್ ಕಾಯ್ತೈತಿ, ಇನ್ನ ಇಟ್ಕೊಂಡು ಏನು ಮಾಡೂದು ಅಂತೀರಿ. ಎರಡೂ ರೋಗಕ್ಕ ಮದ್ದೈತ್ರಿ.

ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಇಲ್ಲಿಗಿ ಬಂದು ಅಂಬಾಸಿಡರ್ ಆತು. ಕಲ್ಕತ್ತಾ ಹತ್ರ ಉತ್ತರಪಾರಾದಾಗ ಹಿಂದುಸ್ತಾನ್ ಮೋಟರ್ಸ್‌ನವರು 1957-58ರ ಸುಮಾರು ಶುರು ಮಾಡಿದ್ದು, 2014ರ ಮೇ ತಿಂಗಳತನಕ ನಡೀತು. ಮುಂಬೈ ಫಿಯಾಟ್‌ಗೂ 1974ರಾಗ ಪದ್ಮಿನಿ ಅಂತ ಚಂದದ ಹೆಸರು ಬಂತು, ಖರೆ. ಆದ್ರ ನಮ್ಮ ಎರಿ ಹೊಲದ ದಾರಿಗಿ ತಡಕೊಂಡದ್ದು ಇದ. ಹಿಂದ ಪಾಟಾ, ಮುಂದ ಟಾರ್ಷನ್ ಬಾರ್. ಗೇರ್ ಸ್ಟೇರಿಂಗ್ ಕಂಬದಾಗ, ಮುಂದ ಒಂದ ಉದ್ದ ಸೀಟು, ಡ್ರೈವರ್ ಬಾಜೂಕ ಇಬ್ರು ಆರಾಮ ಕೂಡ್ತಿದ್ರು. ಅಣ್ಣಿಗೇರಿ, ನವಲಗುಂದ ಕಡೆ ಹಳ್ಳ್ಯಾಗ ನಡುರಾತ್ರಿ ಬ್ಯಾನಿ ಎದ್ದ ಹೆಣ್ಮಕ್ಕಳನ್ನ ಹುಬ್ಬಳ್ಳಿ ಕೆಎಂಸಿ ದವಾಖಾನಿಗಿ ಮುಟ್ಟಿಸಿದ ಗಾಡಿರಿ ಇದು.

ಸ್ಟೇರಿಂಗ್ ವಿಷಯಕ್ಕ ಬರೂಣು. ಇದರದು ರ್ಯಾಕ್ ಅಂಡ್ ಪಿನಿಯನ್: ಹಲ್ಲಿನ ದಂಡೊಂದು ಕೊಳವಿಯೊಳಗ ಆ ಕಡೆ ಈ ಕಡೆ ಸರೀತೈತಿ, ಎರಡೂ ತುದಿಗಿ ರಬ್ಬರ್ ಬೂಟು ಇರ್ತಾವು. ಆ ಬೂಟು ಹರೀತಂದ್ರ ಒಳಗಿನ ಎಣ್ಣಿ ಸೋರ್ತೈತಿ, ಮಳಿಗಾಲದ ಎರಿ ರಾಡಿ ಒಳಗ ಹೊಕ್ಕೊಂತೈತಿ. ಬ್ಯಾಸಗ್ಯಾಗ ಅದ ಒಣಗಿ ಹಲ್ಲು ತಿಂತೈತಿ. ನಮ್ಮ ಮಂದಿ ಟೈರ್ ಬದಲಿ ಮಾಡ್ತಾರ, ಅಲೈನ್‌ಮೆಂಟ್ ಮಾಡಸ್ತಾರ. ಬಗ್ಗಿ ಆ ಬೂಟು ಮಾತ್ರ ನೋಡಂಗಿಲ್ಲ. ನೀವು ಸ್ಟೇರಿಂಗ್ ಮೆಲ್ಲಕ ಅಲ್ಲಾಡಸ್ರಿ, ನಾ ಕೆಳಗ ಮಲ್ಕೊಂಡು ಟೈ ರಾಡ್ ಎಂಡ್ ಮ್ಯಾಲ ಕೈ ಇಡತೀನಿ. ರಾಡ್ ಅಲುಗಿ ಗಾಲಿ ಅಲುಗಲಿಲ್ಲಂದ್ರ ಎಂಡ್ ಸವದಾವು ಅಂತ ತಿಳೀರಿ. ಆಮ್ಯಾಲ ಜಾಕ್ ಹಚ್ಚಿ ಗಾಲಿ ಮ್ಯಾಲ ಕೆಳಗ ಹಿಡಿದು ಜಗ್ಗೂಣು; ಆಡಿದ್ರ ಪಿನ್ ಇಲ್ಲಾ ಬೇರಿಂಗ್. ಗ್ರೀಸ್ ನಿಪ್ಪಲ್‌ಗೆ ಗನ್ ಹಚ್ಚಿ ಒಂದೆರಡು ಸಲ ಒತ್ತಿ ಬಿಟ್ರ ಸಾಲಂಗಿಲ್ಲ. ಹಳೇದು ಕರ್ರಗ ಹೊರಗ ಬಂದು ಹೊಸಾ ಗ್ರೀಸ್ ಕಾಣೂತನಕ ಒತ್ತಬೇಕು.

ಎಂಜಿನ್ ಕಾಯೂದಕ್ಕ ನನ್ನ ಮೊದಲ ಸಂಶಯ ನೀರಿನ ಮ್ಯಾಲ. ನಮ್ಮ ಕಡೆ ಬೋರಿನ ನೀರು ಸವಳು. ಅದನ್ನ ರೇಡಿಯೇಟರ್‌ಗೆ ಹಾಕಿ ಹಾಕಿ ಸಣ್ಣ ನಳಿಗಿಯೊಳಗ ಬಿಳಿ ಪದರ ಕಟ್ಟಿರ್ತೈತಿ, ನೀರು ತಿರಗೂದ ಇಲ್ಲ. ಒಮ್ಮೆ ಬಿಚ್ಚಿ ತೊಳಸ್ರಿ, ಥರ್ಮೋಸ್ಟ್ಯಾಟ್ ನೋಡಸ್ರಿ, ಮುಂದ ಕೂಲಂಟ್ ಹಾಕ್ರಿ. ಡಿಪ್‌ಸ್ಟಿಕ್ ತಗದಾಗ ಆಯಿಲ್ ಹಾಲು ಬೆರೆಸಿದ ಚಹಾದಂಗ ಕಂಡ್ರ ಹೆಡ್ ಗ್ಯಾಸ್ಕೆಟ್ ಹೋಗೇತಿ ಅಂತ ಅರ್ಥ. ಆಗ ಒಂದು ಮಾರು ದೂರನೂ ಓಡಸಬ್ಯಾಡ್ರಿ. ಏಪ್ರಿಲ್ ಬಿಸಲಾಗ ದಾರ್ಯಾಗ ಸುಮ್ಮನ ಬಂದ್ ಬೀಳೂದು ಬ್ಯಾರೆ ಮಾತು. ಪಂಪಿನಾಗ ಪೆಟ್ರೋಲ್ ಆವಿ ಆಗಿರ್ತೈತಿ. ಹಸಿ ಅರಬಿ ಪಂಪಿನ ಮ್ಯಾಲ ಹಾಕಿ ಹತ್ತು ನಿಮಿಷ ಕುಂದರ್ರಿ, ಚಾಲೂ ಆಗ್ತೈತಿ.

ಕಾಗದಪತ್ರದ ಅಂಜಿಕಿನೂ ಬ್ಯಾಡ್ರಿ. 15 ವರ್ಷ ಆದಮ್ಯಾಲ ಐದೈದು ವರ್ಷಕ್ಕ ಆರ್‌ಸಿ ನವೀಕರಣ ಮಾಡಸಾಕ ಬರ್ತೈತಿ. 50 ವರ್ಷ ತುಂಬಿದ ಗಾಡಿಗಿ ವಿಂಟೇಜ್ ನೋಂದಣಿ ಅಂತ ಕೇಂದ್ರದವರು 2021ರಾಗ ನಿಯಮ ತಂದಾರ, ಆದ್ರ ಅಂಥಾ ಗಾಡಿ ಪ್ರದರ್ಶನ, ರ್ಯಾಲಿಗಷ್ಟ, ದಿನಾ ಓಡಸಂಗಿಲ್ಲ. ನಿಮ್ಮ ಗಾಡಿ ಓಡೂ ಗಾಡಿ, ನಿಮಗದು ಬ್ಯಾಡ.

ಗುಜರಿ ಅಂವ ಕಬ್ಬಿಣದ ತೂಕಕ್ಕ ರೊಕ್ಕ ಎಣಸ್ತಾನ. ಉತ್ತರಪಾರಾದಾಗ ಇನ್ನ ಇಂಥಾ ಗಾಡಿ ಹೊಸಾದು ಹುಟ್ಟಂಗಿಲ್ಲ. ಈ ವಾರ ಅಂವಗ ಬ್ಯಾಡಂತ ಹೇಳಿ ಕಳಸ್ರಿ, ಕಾಕಾರ. ಗ್ರೀಸ್ ಗನ್ ನನ್ನ ಕಡೆ ಐತಿ, ರವಿವಾರ ಮುಂಜಾನೆ ತರ್ತೀನಿ.