ಅರಿಸಮಾಸ ಪ್ರಕರಣ: ಜಾವಾ–ಕಾಟ್ಲಿನ್ ಸಹಸಂಕಲನ ಮೀಮಾಂಸೆ

ಕನ್ನಡ ಪದಕ್ಕೆ ಸಂಸ್ಕೃತ ಪದವನ್ನು ಗಂಟುಹಾಕಿದರೆ ಅರಿಸಮಾಸ, ಅದು ದೋಷ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಹೀಗೆ ಕಟ್ಟಳೆ ವಿಧಿಸಿ, ಬಿರುದಾವಳಿಗೂ ಪೂರ್ವಕವಿಪ್ರಯೋಗಕ್ಕೂ ವಿನಾಯಿತಿ ಕೊಟ್ಟಿದ್ದಾನೆ. ಒಂದೇ ಪ್ರಾಜೆಕ್ಟಿನಲ್ಲಿ ಜಾವಾ, ಕಾಟ್ಲಿನ್ ಎರಡನ್ನೂ ಕಂಪೈಲ್ ಮಾಡುವವರ ಬಗ್ಗೆ ಆತ ಏನೂ ಹೇಳಿಲ್ಲವೆಂದು ಪಾಮರರು ನಂಬಿದ್ದಾರೆ. ಆ ಭ್ರಮೆಯ ನಿವಾರಣೆಯೇ ಪ್ರಸ್ತುತ ಪ್ರಬಂಧದ ಪ್ರಯೋಜನ.

ಮೊದಲು ವಂಶಾವಳಿ. ಜಾವಾ 1995ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಮನೆತನದಿಂದ ಹೊರಬಂತು. ಕಾಟ್ಲಿನ್‌ ಅನ್ನು ಜೆಟ್‌ಬ್ರೈನ್ಸ್ 2011ರಲ್ಲಿ ಲೋಕಕ್ಕೆ ತೋರಿಸಿ, 2016ರಲ್ಲಿ 1.0 ಎಂದು ಹೆಸರಿಟ್ಟಿತು. ಎರಡೂ ಕೊನೆಗೆ ಸೇರುವುದು ಒಂದೇ ಬೈಟ್‌ಕೋಡಿಗೆ. ಆದ್ದರಿಂದ ಇಲ್ಲಿ ದೋಷವೇ ಇಲ್ಲ ಎಂಬುದು ಪೂರ್ವಪಕ್ಷ. ಪೂರ್ವಪಕ್ಷಿ ಇನ್ನೂ ಬಿಲ್ಡ್ ಬಟನ್ ಒತ್ತಿಲ್ಲ.

ಜಾವಾ ಕ್ಲಾಸು ಕಾಟ್ಲಿನ್ ಕ್ಲಾಸನ್ನು ಕರೆಯುತ್ತದೆ, ಅದು ತಿರುಗಿ ಜಾವಾವನ್ನೇ ಕರೆಯುತ್ತದೆ. ಯಾರದ್ದು ಮೊದಲು? ತಾರ್ಕಿಕರು ಇದನ್ನು ಅನ್ಯೋನ್ಯಾಶ್ರಯವೆಂದು ಹೆಸರಿಟ್ಟು ಮನೆಗೆ ಹೋದರು. ಗ್ರೂವಿ ಮತಸ್ಥರು ಒಳಗೇನೂ ಇಲ್ಲದ ಜಾವಾ ಸ್ಟಬ್‌ಗಳನ್ನು ಹುಟ್ಟಿಸಿ ಜಾವಾ ಕಂಪೈಲರನ್ನು ನಂಬಿಸುತ್ತಾರೆ. ಕಾಟ್ಲಿನ್ ಸಿದ್ಧಾಂತ ಬೇರೆ: ಕಾಟ್ಲಿನ್ ಕಂಪೈಲರು ಜಾವಾದ ಮೂಲಪಾಠವನ್ನೂ ಓದಿಕೊಳ್ಳುತ್ತದೆ, ಆದರೆ ಕಂಪೈಲ್ ಮಾಡುವುದು ತನ್ನದನ್ನು ಮಾತ್ರ. ಆಮೇಲೆ ಜಾವಾ ಕಂಪೈಲರಿನ ಆಗಮನ. ಅದಕ್ಕೆ ಕಾಟ್ಲಿನ್‌ನ ಒಂದಕ್ಷರವೂ ಬಾರದು. ಸಿದ್ಧವಾಗಿರುವ ಕ್ಲಾಸ್ ಫೈಲುಗಳನ್ನು ಕಂಡು, ಇವೆಲ್ಲ ತನ್ನ ಕುಲದವೇ ಎಂದು ತಿಳಿದು ಮುಂದುವರಿಯುತ್ತದೆ. ಎದುರಿನವರ ಭಾಷೆ ಕಲಿಯುವ ಹೊರೆ ಒಬ್ಬರ ಮೇಲೇ ಬೀಳುವ ಈ ಏರ್ಪಾಡನ್ನು ಬೆಂಗಳೂರಿನ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ.

ಇನ್ನು ಬಿರುದಾವಳಿ. ಜಾವಾ ತಮ್ಮನ್ನು ಸರಾಗವಾಗಿ ಕರೆಯಲೆಂದು ಕಾಟ್ಲಿನ್ ಫಂಕ್ಷನ್ನುಗಳು ಜೆವಿಎಂಸ್ಟ್ಯಾಟಿಕ್, ಜೆವಿಎಂಓವರ್‌ಲೋಡ್ಸ್, ಜೆವಿಎಂನೇಮ್ ಎಂಬ ಬಿರುದುಗಳನ್ನು ತಲೆಯ ಮೇಲೆ ಹೊರುತ್ತವೆ. ಕೇಶಿರಾಜನ ವಿನಾಯಿತಿ ಇವಕ್ಕೇ ಎಂಬುದರಲ್ಲಿ ಸಂಶಯ ಬೇಡ. ಪೂರ್ವಕವಿಪ್ರಯೋಗವೆಂದರೆ, ಕೆಲಸ ಬಿಟ್ಟುಹೋದವರು ಬರೆದಿಟ್ಟ ಜಾವಾ ಕೋಡು, ಅರ್ಥವಾಗದಿದ್ದರೂ ಮುಟ್ಟಕೂಡದು.

ಆ ಪೂರ್ವಕವಿಗಳ ಕೋಡಿನಿಂದ ಬರುವ ಸ್ಟ್ರಿಂಗು ನಲ್ಲೋ ಅಲ್ಲವೋ ಎಂದು ಕಾಟ್ಲಿನ್‌ಗೆ ತಿಳಿಯದು. ಆಗ ಅದು ಹೆಸರಿನ ಮುಂದೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ 'ಸ್ಟ್ರಿಂಗ್!' ಎನ್ನುತ್ತದೆ. ಈ ಟೈಪನ್ನು ಕೋಡಿನಲ್ಲಿ ಬರೆಯುವ ಅಧಿಕಾರ ಯಾರಿಗೂ ಇಲ್ಲ. ಎಡಿಟರಿನಲ್ಲೂ ಎರರ್ ಮೆಸೇಜಿನಲ್ಲೂ ದರ್ಶನ ಕೊಡುತ್ತದೆ, ಅಷ್ಟೆ. ಅನಿರ್ವಚನೀಯಖ್ಯಾತಿಗೆ ಉದಾಹರಣೆಯಾಗಿ ಹಗ್ಗ–ಹಾವನ್ನೇ ಕೊಡುತ್ತಿದ್ದ ವೇದಾಂತಿಗಳು ಇದನ್ನು ಗಮನಿಸಬಹುದು.

ಲಾಂಬಾಕ್ ಎಂಬ ಉಪದ್ರವವನ್ನೂ ಹೇಳಬೇಕು. ಗೆಟರುಗಳನ್ನು ಬರೆಯುವ ಶ್ರಮ ತಪ್ಪಿಸಲು ಅದು ಜಾವಾ ಕಂಪೈಲಾಗುವ ಹೊತ್ತಿನಲ್ಲಿ ತಾನೇ ಅವನ್ನು ಒಳಗೆ ತೂರಿಸುತ್ತದೆ. ಕಾಟ್ಲಿನ್ ಓದಿದ್ದು ಅದಕ್ಕೂ ಮುಂಚಿನ ಪಾಠ. ಅದರ ಕಣ್ಣಿಗೆ ಆ ಗೆಟರುಗಳು ವಂಧ್ಯಾಪುತ್ರ. ಪಾಠಾಂತರದ ಈ ಜಗಳ ಬಗೆಹರಿಸಲು ಪ್ರತ್ಯೇಕ ಪ್ಲಗಿನ್ನೇ ಬೇಕಾಯಿತು. ಲಾಂಬಾಕ್ ಕ್ಲಾಸುಗಳನ್ನು ಬೇರೆ ಮಾಡ್ಯೂಲಿಗೆ ಕಳಿಸಿ ಮೊದಲೇ ಕಂಪೈಲ್ ಮಾಡಿಸುವುದು ಇನ್ನೊಂದು ಮಾರ್ಗ. ನನಗೆ ಇದೇ ಲೇಸೆನಿಸುತ್ತದೆ.

ಕೊನೆಯದಾಗಿ ಮೇವನ್ ಸಂಪ್ರದಾಯದ ಕರ್ಮಕಾಂಡ. ಅಲ್ಲಿ ಜಾವಾ ಕಂಪೈಲರಿಗೆ ಹುಟ್ಟಿನಿಂದಲೇ ಮೊದಲ ತಾಂಬೂಲದ ಹಕ್ಕು. ಕಾಟ್ಲಿನ್ ಮುಂದೆ ಬರಬೇಕಾದರೆ, 'ಡಿಫಾಲ್ಟ್ ಕಂಪೈಲ್' ಎಂಬ ಆ ಹಿರಿಯರ ಹಂತವನ್ನು 'ನನ್' ಎಂದು ಬರೆದು ಮೊದಲು ಹೊರಗೆ ಕಳಿಸಬೇಕು. ಕಾಟ್ಲಿನ್‌ನ ಸರದಿ ಮುಗಿದ ಮೇಲೆ ಅವರನ್ನೇ 'ಜಾವಾ ಕಂಪೈಲ್' ಎಂಬ ಹೊಸ ಹೆಸರಿನಲ್ಲಿ ಒಳಗೆ ಕರೆದು ಕೂರಿಸಬೇಕು. ಹೆಸರು ಬದಲಾದದ್ದಕ್ಕೆ ಅವರು ಇದುವರೆಗೆ ಆಕ್ಷೇಪಿಸಿದ್ದಿಲ್ಲ.