ಇಂಪಾರ್ಟೆಂಟಪ್ಪ

ಊರಿಗೊಬ್ಬ ಇಂಪಾರ್ಟೆಂಟಪ್ಪ ಇರುತ್ತಾನೆ. ವೆಬ್‌ಸೈಟ್ ಮಾಡುವುದು ಅವನ ಉದ್ಯೋಗವಲ್ಲ, ಚಟ. ಜಾತ್ರೆಯ ಆಮಂತ್ರಣವಿರಲಿ, ರೊಟ್ಟಿ ಮಾರುವ ಅಕ್ಕನ ಅಂಗಡಿಯಿರಲಿ, ಇಲ್ಲವೆನ್ನುವವನಲ್ಲ. ದುಡ್ಡನ್ನೂ ಕೇಳುವುದಿಲ್ಲ. ಕೇಳುವುದು ಪಾಸ್‌ವರ್ಡ್ ಒಂದೇ. ಕೊಟ್ಟಿರೋ, ಕೆಟ್ಟಿರಿ.

ನನಗೆ ಗಂಟುಬಿದ್ದವನು ರೋಣ ತಾಲ್ಲೂಕಿನ ಅಸೂಟಿಯವನು. ಹಗಲು ಎರಿ ಹೊಲದಲ್ಲಿ ಕಡಲೆ, ರಾತ್ರಿ ವರ್ಡ್‌ಪ್ರೆಸ್. ನಮ್ಮ ಗೆಳೆಯರ ಬಳಗದ ಸೈಟಿನಲ್ಲಿ ‘ಸ್ವಾಗತ’ ಎಂಬುದು ‘ಸಾಗತ’ ಆಗಿ ಕಾಣುತ್ತಿತ್ತು. ಇಂಗ್ಲಿಷಿಗೆಂದು ಮಾಡಿದ ಥೀಮು. ಸಾಲಿನ ಎತ್ತರ ಸಾಲದೆ ಒತ್ತಕ್ಷರ ಕತ್ತರಿಸಿಹೋಗಿತ್ತು. ಶೀರ್ಷಿಕೆಯ ಲೈನ್‌-ಹೈಟ್ 1.6 ಮಾಡಿದ್ದರೆ ಮುಗಿಯುತ್ತಿತ್ತು.

“ಹಂಗ ಹೇಳಿದ್ರ ಕೇಳಂಗಿಲ್ರೀ ಸರ, ಇಂಪಾರ್ಟೆಂಟ್ ಹಚ್ಚಬೇಕು” ಎಂದ. ಪುಟದ ಅಂದಚಂದ ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ, ಬೇರೆ ನಿಯಮಗಳನ್ನು ಮೀರಿಸುವ ಗುರುತು ಅದು. ಹಚ್ಚಿದ, ಅದೂ ಇಡೀ ಪುಟಕ್ಕೆ. ಒತ್ತಕ್ಷರವೇನೋ ಬಂತು, ಮೆನು ಉಬ್ಬಿ ಫೋಟೊ ಮುಚ್ಚಿತು. ಮೆನುವಿಗೊಂದು ಇಂಪಾರ್ಟೆಂಟ್, ಫೋಟೊಗೊಂದು. ಕಡೆಗೆ ಆ ಸೈಟಿನಲ್ಲಿ ಇಂಪಾರ್ಟೆಂಟ್ ಅಲ್ಲದವನು ನಾನೊಬ್ಬನೇ. ಎಲ್ಲರೂ ಮುಖ್ಯ ಅತಿಥಿಗಳಾದ ಸಭೆಯ ಹಾಗೆ: ತೂಕ ಸಮನಾದಾಗ ಬ್ರೌಸರ್ ಕೊನೆಗೆ ಬಂದವನ ಮಾತನ್ನೇ ಕೇಳುತ್ತದೆ.

ಇದಿಷ್ಟನ್ನೂ ಬರೆದಿದ್ದು ಮೂಲ ಥೀಮಿನ, ಅಂದರೆ ಪೇರೆಂಟ್ ಥೀಮಿನ ಫೈಲಿನಲ್ಲೇ! ಥೀಮು ಅಪ್‌ಡೇಟ್ ಆಯಿತು, ಎಲ್ಲ ಅಳಿಸಿಹೋಯಿತು. ಮತ್ತೆ ‘ಸಾಗತ’.

“ಚೈಲ್ಡ್ ಥೀಮ್ ಮಾಡೋ ಮಾರಾಯ” ಎಂದೆ. “ಬೇರೆ ಫೋಲ್ಡರು, ಒಂದು ಸ್ಟೈಲ್ ಫೈಲು, ಅದರ ನೆತ್ತಿಯಲ್ಲಿ ಟೆಂಪ್ಲೇಟ್ ಎಂದು ಪೇರೆಂಟ್ ಫೋಲ್ಡರಿನ ಹೆಸರು. ಬದಲಾಗಬೇಕಾದ್ದಷ್ಟೇ ಅಲ್ಲಿರಲಿ, ಉಳಿದದ್ದು ಪೇರೆಂಟಿನಿಂದ ಬರುತ್ತೆ.”

“ಅಪ್ಪ ಇನ್ನೂ ಗಟ್ಟಿ ಅದಾನ್ರೀ ಸರ, ಈಗ್ಲೇ ಬ್ಯಾರೆ ಮನಿ ಯಾಕ್ರೀ?”

ಸಿಟ್ಟೂ ಬಂತು, ನಗುವೂ ಬಂತು. ಅವನೋ, ರಾತ್ರಿಯಿಡೀ ಕೂತು ಎಲ್ಲವನ್ನೂ ಮತ್ತೆ ಹಚ್ಚಿದ, ಒಂದು ಚಹಾ ಕೂಡ ಕೇಳದೆ.

ಅವನ ಫೈಲಿನಲ್ಲಿ ಒಂದು ಸಾಲನ್ನು ಮಾತ್ರ ಅಳಿಸಲು ನನಗೆ ಕೈ ಬರಲಿಲ್ಲ: ಅಕ್ಷರ 22 ಪಿಕ್ಸೆಲ್, ಇಂಪಾರ್ಟೆಂಟ್. “ಇಷ್ಟು ದಪ್ಪ ಯಾಕೋ?” ಅಂದರೆ, “ನಮ್ಮಜ್ಜಗ ಕಾಣ್ಬೇಕ್ರಿ.” ಇಂಥ ಅಜ್ಜಂದಿರ ಚಿಂತೆ ಸಿಎಸ್‌ಎಸ್ ಮಾಡಿದವರಿಗೂ ಇತ್ತು. ಸಿಎಸ್‌ಎಸ್‌ನ ಮೊದಲ ಆವೃತ್ತಿ ಬಂದದ್ದು 1996ರಲ್ಲಿ. 1998ರ ಎರಡನೆಯ ಆವೃತ್ತಿ, ಸೈಟು ಮಾಡಿದವನ ಇಂಪಾರ್ಟೆಂಟ್‌ಗಿಂತ ಓದುವವನ ಇಂಪಾರ್ಟೆಂಟೇ ಮೇಲು ಎಂದು ತೀರ್ಮಾನಿಸಿತು. ಕಣ್ಣು ಮಂಜಾದವರು ಅಕ್ಷರ ದೊಡ್ಡದು ಮಾಡಿಕೊಳ್ಳಲಿ ಎಂದು. ಅದನ್ನು ಓದದೆಯೂ ಇವನು ಅಜ್ಜನ ಪರವಾಗಿ ನಿಂತಿದ್ದ. ಓದಿಕೊಂಡ ನಾವು ಲೋಗೋ ಬಣ್ಣಕ್ಕಾಗಿ ಜಗಳವಾಡುತ್ತೇವೆ.

ನಿಮ್ಮೂರಿನಲ್ಲೂ ಇಂಥವನಿದ್ದರೆ ಸೈಟನ್ನು ಅವನಿಗೇ ಕೊಡಿ. ಮೊದಲು ಚೈಲ್ಡ್ ಥೀಮ್ ಮಾಡಿಸಿ, ಪಾಸ್‌ವರ್ಡ್ ಆಮೇಲೆ.